ಟೊರಾಂಟೊದ ಬಿಳಿ ಹದ್ದುಗಳು: ವಲಸಿಗರ ಫುಟ್‌ಬಾಲ್ ಕ್ಲಬ್ಬೊಂದು ಅಂಚಿಗೆ ಸರಿದ ಬಗೆ

2026ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಟೊರಾಂಟೊ ನಗರದ ಪಾಲಿಗೆ ಬಂದದ್ದು 6 ಪಂದ್ಯಗಳು. ಆ ಸಡಗರದ ನಡುವೆ ಕೆನಡಾದ ಫುಟ್‌ಬಾಲ್ ಬೆಳೆದ ಕತೆಯನ್ನು ಹೇಳುವವರು ಸಾಮಾನ್ಯವಾಗಿ 2007ರಿಂದ ಶುರುಮಾಡುತ್ತಾರೆ, ಏಕೆಂದರೆ ಟೊರಾಂಟೊ ಎಫ್‌ಸಿ ಅಮೆರಿಕದ ಮೇಜರ್ ಲೀಗ್ ಸಾಕರ್‌ನಲ್ಲಿ ಆಡತೊಡಗಿದ್ದು ಆ ವರ್ಷ. ಇನ್ನು ಕೆಲವರು ದೇಶದ್ದೇ ಆದ ಕೆನಡಿಯನ್ ಪ್ರೀಮಿಯರ್ ಲೀಗ್ ಶುರುವಾದ 2019ರಿಂದ ಹೇಳುತ್ತಾರೆ. ಈ ಎರಡೂ ಕತೆಗಳಲ್ಲಿ ಬಾರದ ಕ್ಲಬ್ಬೊಂದು ಅದೇ ನಗರದ ಪಶ್ಚಿಮ ಭಾಗವಾದ ಎಟೋಬಿಕೋದಲ್ಲಿ ಆಡುತ್ತ ಬಂದಿದೆ. ಅದರ ಹೆಸರು ಸರ್ಬಿಯನ್ ವೈಟ್ ಈಗಲ್ಸ್. ಹುಟ್ಟಿದ್ದು 1968ರಲ್ಲಿ, ಲೀಗ್ ಗೆದ್ದದ್ದು 1974ರಲ್ಲಿ. ಸರ್ಬಿಯಾದಿಂದ ವಲಸೆ ಬಂದವರು ಕಟ್ಟಿದ ಈ ಅರೆ-ವೃತ್ತಿಪರ ಕ್ಲಬ್‌ಗೆ ದೇಶದ ಅಧಿಕೃತ ಫುಟ್‌ಬಾಲ್ ವ್ಯವಸ್ಥೆಯಲ್ಲಿ ಹತ್ತು ವರ್ಷಕ್ಕೂ ಮೀರಿ ಜಾಗ ಸಿಕ್ಕಿಲ್ಲ. ಇದಕ್ಕೆ ಕಾರಣ ಅದರ ಜನಾಂಗೀಯ ಹೆಸರು ಮತ್ತು ಲಾಂಛನ ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಕ್ಲಬ್ಬಿನ ಇತಿಹಾಸವನ್ನು ಬಿಡಿಸಿ ನೋಡಿದರೆ ಆ ವಿವರಣೆ ಅರ್ಧದಷ್ಟೂ ಸರಿಯಲ್ಲ ಎಂದು ತಿಳಿಯುತ್ತದೆ.

ಮೊದಲು ಆ ಹದ್ದನ್ನೇ ನೋಡೋಣ. ಸರ್ಬಿಯಾದ ಸಾಂಪ್ರದಾಯಿಕ ಲಾಂಛನದಲ್ಲಿರುವುದು ಕೆಂಪು ಗುರಾಣಿಯ ಮೇಲೆ ರೆಕ್ಕೆ ಬಿಚ್ಚಿ ನಿಂತ, ಎರಡು ತಲೆಯ ಬಿಳಿ ಹದ್ದು. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರ್ನಾಟಕ ಸರ್ಕಾರದ ಮುದ್ರೆಯಲ್ಲಿರುವ ಗಂಡಭೇರುಂಡವನ್ನು ಕಂಡ ಯಾರಿಗೂ ಅದು ಪರಿಚಿತ ಹಕ್ಕಿಯಂತೆಯೇ ತೋರುತ್ತದೆ. ಹೋಲಿಕೆ ರೂಪದ್ದು ಮಾತ್ರ. ಸರ್ಬಿಯಾದ ಹದ್ದಿನ ಮೂಲ ಬೈಜಾಂಟೈನ್ ಸಾಮ್ರಾಜ್ಯದ ಪರಂಪರೆ ಮತ್ತು ಮಧ್ಯಯುಗದ ನೆಮಾನಿಚ್ ರಾಜವಂಶ. ಹದ್ದಿನ ಎದೆಯ ಮೇಲೆ ಒಂದು ಶಿಲುಬೆ, ಅದರ ನಾಲ್ಕು ಮೂಲೆಗಳಲ್ಲಿ ಒಂದಕ್ಕೊಂದು ಬೆನ್ನು ಮಾಡಿ ನಿಂತಂತಿರುವ ನಾಲ್ಕು ಬಾಗಿದ ಗುರುತುಗಳು. ಅವು ಚಕಮಕಿ ಕಲ್ಲಿಗೆ ಬಡಿದು ಬೆಂಕಿ ಹೊತ್ತಿಸುವ ಉಕ್ಕಿನ ತುಂಡುಗಳ ಚಿತ್ರ ಎನ್ನುತ್ತದೆ ಲಾಂಛನಶಾಸ್ತ್ರ. ಜನರು ಮಾತ್ರ ಅವನ್ನು ಸಿರಿಲಿಕ್ ಲಿಪಿಯ ನಾಲ್ಕು ‘ಸ’ಕಾರಗಳೆಂದು ಓದಿ, ‘ಸಾಮೊ ಸ್ಲೋಗಾ ಸರ್ಬಿನಾ ಸ್ಪಾಸಾವಾ’ ಎಂಬ ಘೋಷವಾಕ್ಯ ಕಟ್ಟಿಕೊಂಡಿದ್ದಾರೆ. ಒಗ್ಗಟ್ಟೊಂದೇ ಸರ್ಬಿಯನ್ನನನ್ನು ಉಳಿಸುತ್ತದೆ ಎಂಬುದು ಅದರ ಅರ್ಥ. ವಲಸಿಗ ಸಮುದಾಯದೊಳಗೆ ಅಂದು ಎಷ್ಟು ಒಡಕಿತ್ತು ಎಂಬುದು ಗೊತ್ತಿದ್ದವರಿಗೆ ಈ ವಾಕ್ಯ ತುಸು ವ್ಯಂಗ್ಯವಾಗಿಯೇ ಕೇಳಿಸಿದ್ದಿರಬೇಕು.

ಈ ಹದ್ದನ್ನು 1968ರಲ್ಲಿ ಆರಿಸಿಕೊಂಡದ್ದರಲ್ಲಿ ರಾಜಕೀಯದ ಸ್ಪಷ್ಟ ಛಾಯೆಯಿತ್ತು. ಮಾರ್ಷಲ್ ಟಿಟೊ ಅವರ ಕಮ್ಯುನಿಸ್ಟ್ ಯುಗೊಸ್ಲಾವಿಯಾ ತನ್ನ ಲಾಂಛನದಿಂದ ರಾಜಪ್ರಭುತ್ವದ ಹದ್ದನ್ನು ತೆಗೆದು ಪಂಜುಗಳನ್ನು ಇಟ್ಟಿತ್ತು. ಒಕ್ಕೂಟದೊಳಗಿನ ಸರ್ಬಿಯಾ ಗಣರಾಜ್ಯದ ಮುದ್ರೆಯಲ್ಲಿ ಆ ನಾಲ್ಕು ಉಕ್ಕಿನ ತುಂಡುಗಳು ಉಳಿದಿದ್ದವು, ಹದ್ದು ಇರಲಿಲ್ಲ. ಬೆಲ್‌ಗ್ರೇಡಿನಲ್ಲಿ ಅಧಿಕೃತ ಸ್ಥಾನ ಕಳೆದುಕೊಂಡಿದ್ದ ಹಕ್ಕಿ ಟೊರಾಂಟೊದಲ್ಲಿ ಒಂದು ಫುಟ್‌ಬಾಲ್ ತಂಡದ ಹೆಸರಾಗಿ ಬಂದು ಕೂತಿತು. ತಮ್ಮನ್ನು ಯುಗೊಸ್ಲಾವರೆಂದು ಕರೆದುಕೊಳ್ಳಲು ಒಪ್ಪದವರು ಇದನ್ನು ಕಟ್ಟಿದವರು ಎಂಬುದನ್ನು ಹೆಸರೇ ಹೇಳುತ್ತಿತ್ತು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 1950ರಲ್ಲೇ ಹುಟ್ಟಿದ್ದ ಫುಟ್‌ಸ್ಕ್ರೇ ಜಸ್ಟ್ ಕ್ಲಬ್ ಇದಕ್ಕೆ ತದ್ವಿರುದ್ಧದ ಉದಾಹರಣೆ: ಅಲ್ಲಿನ ‘ಜಸ್ಟ್’ ಎಂಬುದು ‘ಯುಗೊಸ್ಲಾವ್ ಯುನೈಟೆಡ್ ಸಾಕರ್ ಟೀಮ್’ (Jugoslav United Soccer Team) ಎಂಬುದರ ಮೊದಲಕ್ಷರಗಳ ಸಂಕ್ಷೇಪ. ಒಂದೇ ನಾಡಿನಿಂದ ಬಂದವರು ಎರಡು ಖಂಡಗಳಲ್ಲಿ ಎರಡು ಬೇರೆ ಬೇರೆ ದೇಶಗಳ ನೆನಪನ್ನು ಆಡುತ್ತಿದ್ದರು.

ಕೆನಡಾಕ್ಕೆ ಸರ್ಬಿಯನ್ನರು ಒಂದೇ ಸಲ ಬಂದವರಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಬಂದವರು ಗಣಿ, ರೈಲು ಮಾರ್ಗ ಮತ್ತು ಹ್ಯಾಮಿಲ್ಟನ್‌ನಂಥ ಊರುಗಳ ಉಕ್ಕಿನ ಕಾರ್ಖಾನೆಗಳ ಕೂಲಿಗಳು. ಎರಡನೆಯ ಮಹಾಯುದ್ಧದ ನಂತರ ಬಂದವರಲ್ಲಿ ಬಹಳಷ್ಟು ಮಂದಿ ರಾಜನಿಷ್ಠ ಸೈನಿಕರು, ಜರ್ಮನ್ ಶಿಬಿರಗಳಲ್ಲಿ ಸೆರೆಯಾಗಿದ್ದು ಕಮ್ಯುನಿಸ್ಟ್ ಆಳ್ವಿಕೆಗೆ ಮರಳಲು ಇಷ್ಟಪಡದವರು. 1960ರ ದಶಕದಲ್ಲಿ ಯುಗೊಸ್ಲಾವಿಯಾ ತನ್ನ ಗಡಿಯನ್ನು ಸಡಿಲಗೊಳಿಸಿದಾಗ ಬಂದ ಮೂರನೆಯ ಅಲೆಯವರಿಗೆ ಮುಖ್ಯವಾಗಿ ಬೇಕಿದ್ದದ್ದು ಕೆಲಸ ಮತ್ತು ಸಂಬಳ. ಟಿಟೊ ಕಾಲದ ಶಾಲೆಗಳಲ್ಲಿ ಕಲಿತು, ರೆಡ್ ಸ್ಟಾರ್ ಮತ್ತು ಪಾರ್ಟಿಜಾನ್ ತಂಡಗಳ ಆಟ ನೋಡುತ್ತ ಬೆಳೆದವರು ಅವರು. ಈ ಎರಡು ತಲೆಮಾರುಗಳು ಒಂದೇ ಭಾಷೆ ಆಡಿದರೂ ಒಂದೇ ಮಾತು ಆಡುತ್ತಿರಲಿಲ್ಲ.

ಒಡಕು ದೇವರ ಮನೆಯೊಳಗೂ ಹೊಕ್ಕಿತ್ತು. ಉತ್ತರ ಅಮೆರಿಕದ ಸರ್ಬಿಯನ್ ಆರ್ಥೊಡಾಕ್ಸ್ ಚರ್ಚು 1963ರಲ್ಲಿ ಎರಡಾಯಿತು. ಬೆಲ್‌ಗ್ರೇಡಿನ ಧರ್ಮಪೀಠ ಕಮ್ಯುನಿಸ್ಟರ ಹಿಡಿತದಲ್ಲಿದೆ ಎಂದವರು ಒಂದು ಕಡೆ, ಏನೇ ಆದರೂ ಮೂಲಪೀಠವನ್ನು ಬಿಡಲಾಗದು ಎಂದವರು ಇನ್ನೊಂದು ಕಡೆ ನಿಂತರು. ಒಂದೇ ಕುಟುಂಬದವರು ಭಾನುವಾರ ಬೇರೆ ಬೇರೆ ಚರ್ಚಿಗೆ ಹೋಗುವ ಸ್ಥಿತಿ ಬಂತು. ರಾಜಿಯ ಮಾತು 1992ರವರೆಗೆ ಕೈಗೂಡಲಿಲ್ಲ. 1967ರ ಜನವರಿ 29ರಂದು ಅಮೆರಿಕ ಮತ್ತು ಕೆನಡಾದಲ್ಲಿದ್ದ 6 ಯುಗೊಸ್ಲಾವ್ ರಾಜತಾಂತ್ರಿಕ ಕಚೇರಿಗಳಲ್ಲಿ ಒಂದೇ ದಿನ ಬಾಂಬ್ ಸಿಡಿದವು. ಅವುಗಳಲ್ಲಿ ಒಟ್ಟಾವಾದ್ದೂ ಟೊರಾಂಟೊದ್ದೂ ಸೇರಿದ್ದವು. ಅದಾದ ಮರುವರ್ಷ ಕ್ಲಬ್ ಹುಟ್ಟಿತು. ನನ್ನ ಲೆಕ್ಕದಲ್ಲಿ ಕ್ಲಬ್ಬಿನ ನಿಜವಾದ ಸಾಮಾಜಿಕ ಕೆಲಸ ಇರುವುದು ಇಲ್ಲಿ. ಯಾವ ಪಾದ್ರಿಯ ಕೈಗೆ ಮುತ್ತಿಡಬೇಕು ಎಂಬ ವಿಷಯದಲ್ಲಿ ಜಗಳಾಡುವವರು ಕೂಡ ಗೋಲು ಬಿದ್ದಾಗ ಒಟ್ಟಿಗೆ ಎದ್ದು ಕೂಗಬಹುದಿತ್ತು. ಪರದೇಶದ ಕನ್ನಡ ಸಂಘಗಳ ಒಳಗನ್ನು ಬಲ್ಲ ಓದುಗರಿಗೆ, ಪದಾಧಿಕಾರಿಗಳ ಚುನಾವಣೆಯಲ್ಲಿ ಮುಖ ಕೊಟ್ಟು ಮಾತಾಡದವರು ರಾಜ್ಯೋತ್ಸವದ ಊಟದ ಸಾಲಿನಲ್ಲಿ ಒಟ್ಟಿಗೆ ನಿಲ್ಲುವ ದೃಶ್ಯ ಹೊಸದೇನಲ್ಲ.

ಕ್ಲಬ್ ಸೇರಿಕೊಂಡ ನ್ಯಾಷನಲ್ ಸಾಕರ್ ಲೀಗ್ 1926ರಷ್ಟು ಹಳೆಯದು. ಹೆಸರಿನಲ್ಲಿ ರಾಷ್ಟ್ರವಿದ್ದರೂ ಅದರ ಜೀವ ಒಂಟಾರಿಯೊ ಪ್ರಾಂತದಲ್ಲಿ, ಅದರಲ್ಲೂ ಟೊರಾಂಟೊ ಸುತ್ತಮುತ್ತ ಇತ್ತು. ಯುದ್ಧದ ನಂತರ ಯೂರೋಪಿನಿಂದ ಬಂದ ವಲಸಿಗರು ಆ ಲೀಗಿನ ಮುಖವನ್ನೇ ಬದಲಿಸಿದರು: ಟೊರಾಂಟೊ ಇಟಾಲಿಯಾ, ಟೊರಾಂಟೊ ಉಕ್ರೇನಿಯಾ, ಟೊರಾಂಟೊ ಹಂಗೇರಿಯಾ, ಫಸ್ಟ್ ಪೋರ್ಚುಗೀಸ್, 1956ರಲ್ಲಿ ಹುಟ್ಟಿದ ಟೊರಾಂಟೊ ಕ್ರೊಯೇಷಿಯಾ. ಪೋಲೆಂಡಿನವರದೂ ಒಂದು ವೈಟ್ ಈಗಲ್ಸ್ ತಂಡ ಟೊರಾಂಟೊದಲ್ಲಿತ್ತು, ಏಕೆಂದರೆ ಅವರ ರಾಷ್ಟ್ರ ಲಾಂಛನವೂ ಬಿಳಿ ಹದ್ದೇ, ಆದರೆ ಒಂದೇ ತಲೆಯದು. ಲೀಗಿನ ಅಂಕಪಟ್ಟಿ ಓದಿದರೆ ಯೂರೋಪಿನ ಭೂಪಟ ಓದಿದಂತಾಗುತ್ತಿತ್ತು. 1971ರ ಅಕ್ಟೋಬರಿನಲ್ಲಿ ಪ್ರಧಾನಿ ಪಿಯೆರ್ ಟ್ರೂಡೊ ಬಹುಸಂಸ್ಕೃತಿ ನೀತಿಯನ್ನು ಘೋಷಿಸಿದಾಗ ಈ ಮೈದಾನಗಳು ಆ ನೀತಿಯನ್ನು ಎಷ್ಟೋ ವರ್ಷಗಳಿಂದ ನಡೆಸಿಕೊಂಡು ಬಂದಿದ್ದವು.

ಅರೆ-ವೃತ್ತಿಪರ ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಆಟಗಾರನಿಗೆ ಆಟದಿಂದ ಹಣ ಬರುತ್ತದೆ, ಆದರೆ ಮನೆ ನಡೆಯುವಷ್ಟು ಬರುವುದಿಲ್ಲ. ಹಗಲು ಕಟ್ಟಡದ ಕೆಲಸ, ಕಾರ್ಖಾನೆಯ ಪಾಳಿ ಅಥವಾ ಲಾರಿಯ ಚಾಲನೆ; ಸಂಜೆ ಅಭ್ಯಾಸ; ವಾರಾಂತ್ಯಕ್ಕೆ ಪಂದ್ಯ. ಒಂಟಾರಿಯೊದ ಚಳಿ ಬಿಟ್ಟುಕೊಡುವ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಅವಧಿಯಷ್ಟೇ ಹೊರಾಂಗಣ ಆಟಕ್ಕೆ ಸಿಗುವುದು. ಇಂಥ ಕ್ಲಬ್ಬಿನ ಖಜಾನೆ ತುಂಬುವುದು ಟಿಕೆಟಿನಿಂದ ಸ್ವಲ್ಪ, ಸಮುದಾಯದ ಗುತ್ತಿಗೆದಾರರು ಮತ್ತು ಅಂಗಡಿಯವರ ದೇಣಿಗೆಯಿಂದ ಬಹಳ. ಊರಿನಿಂದ ಒಬ್ಬ ಒಳ್ಳೆಯ ಮುಂಚೂಣಿ ಆಟಗಾರನನ್ನು ಕರೆಸಬೇಕಾದರೆ ಅವನಿಗೆ ಆಟದ ಸಂಭಾವನೆಯ ಜೊತೆಗೆ ವಾಸಕ್ಕೊಂದು ಕೋಣೆ, ದುಡಿಯಲೊಂದು ಕೆಲಸ ಹುಡುಕಿಕೊಡುವವನು ಸಮುದಾಯದೊಳಗಿನ ಯಾರಾದರೊಬ್ಬ ಇರಲೇಬೇಕು. ಕೆಲಸ ಕೊಡಿಸುವ ಈ ಜಾಲವನ್ನು ಬಿಟ್ಟು ವಲಸಿಗರ ಕ್ಲಬ್ಬನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಆ ಜಾಲಕ್ಕೆ ಸಿಕ್ಕವರಲ್ಲಿ ಅತ್ಯಂತ ದೊಡ್ಡ ಹೆಸರು ದ್ರಾಗೊಸ್ಲಾವ್ ಶೆಕುಲಾರಾತ್ಸ್. ರೆಡ್ ಸ್ಟಾರ್ ಬೆಲ್‌ಗ್ರೇಡಿನ ಈ ಚೆಂಡು ಮಾಂತ್ರಿಕ 1956ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ, 1960ರ ಯೂರೋಪಿಯನ್ ನೇಷನ್ಸ್ ಕಪ್‌ನ ಫೈನಲ್ ಆಡಿದ, 1962ರ ವಿಶ್ವಕಪ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಯುಗೊಸ್ಲಾವ್ ತಂಡಗಳಲ್ಲಿದ್ದವರು. ವೃತ್ತಿಯ ಸಂಜೆಗಾಲದಲ್ಲಿ, 1970ರ ದಶಕದ ನಡುವೆ, ಅವರು ಟೊರಾಂಟೊಕ್ಕೆ ಬಂದು ಈ ಕ್ಲಬ್ಬಿನ ಅಂಗಿ ತೊಟ್ಟರು. ಮುಂದೆ 1980ರ ದಶಕದಲ್ಲಿ ಇದೇ ಶೆಕುಲಾರಾತ್ಸ್ ಮೆಲ್ಬರ್ನ್‌ಗೆ ಹೋಗಿ, ಮೇಲೆ ಹೇಳಿದ ಫುಟ್‌ಸ್ಕ್ರೇ ಜಸ್ಟ್‌ಗೆ ತರಬೇತುದಾರರಾದರು. ರಾಜನಿಷ್ಠರ ಹದ್ದಿನ ಕ್ಲಬ್ಬಿಗೂ ಯುಗೊಸ್ಲಾವಿಯಾ ಹೆಸರಿನ ಕ್ಲಬ್ಬಿಗೂ ಒಬ್ಬನೇ ಮನುಷ್ಯ ಸಲ್ಲಬಹುದಿತ್ತು ಎಂಬುದು, ಈ ಹೆಸರುಗಳ ಹಿಂದಿನ ಸೈದ್ಧಾಂತಿಕ ಗೋಡೆಗಳು ಮೈದಾನದ ಗೆರೆ ದಾಟಿದೊಡನೆ ಎಷ್ಟು ತೆಳುವಾಗುತ್ತಿದ್ದವು ಎಂಬುದಕ್ಕೆ ನನಗೆ ಕಂಡ ಒಳ್ಳೆಯ ಸಾಕ್ಷಿ. ಲಾಪೊವೊ ಊರಿನಲ್ಲಿ ಹುಟ್ಟಿದ ಮೈಕ್ ಸ್ತೋಯಾನೋವಿಚ್ ಅವರದು ಇನ್ನೊಂದು ಬಗೆಯ ದಾರಿ. ಈ ಕ್ಲಬ್ಬಿನಲ್ಲಿ ಗೋಲು ಹೊಡೆಯುತ್ತಿದ್ದ ಅವರನ್ನು ಉತ್ತರ ಅಮೆರಿಕದ ವೃತ್ತಿಪರ ಲೀಗಿನ ರೋಚೆಸ್ಟರ್ ಲ್ಯಾನ್ಸರ್ಸ್ ಕರೆದುಕೊಂಡಿತು. ಬಳಿಕ ಸ್ಯಾನ್ ಡಿಯೆಗೊ ಸಾಕರ್ಸ್‌ಗೂ ಆಡಿದ ಅವರು 1980ರ ಹೊತ್ತಿಗೆ ಕೆನಡಾ ರಾಷ್ಟ್ರೀಯ ತಂಡದ ಮುಂಚೂಣಿಯಲ್ಲಿದ್ದರು. ವಲಸಿಗರ ಲೀಗು ದೇಶಕ್ಕೆ ಆಟಗಾರರನ್ನು ಕೊಡುವುದಿಲ್ಲ, ತನ್ನಷ್ಟಕ್ಕೆ ಮುಚ್ಚಿಕೊಂಡಿರುತ್ತದೆ ಎಂಬ ಆಕ್ಷೇಪಕ್ಕೆ ಅವರ ವೃತ್ತಿಜೀವನವೇ ಉತ್ತರ.

ಮೇಲ್ಮಟ್ಟದ ವೃತ್ತಿಪರ ಫುಟ್‌ಬಾಲ್ ಜನಾಂಗದ ಹೆಸರನ್ನು ಹೇಗೆ ಕಂಡಿತು ಎಂಬುದಕ್ಕೆ ಪಕ್ಕದ ಮನೆಯ ಉದಾಹರಣೆಯೊಂದಿದೆ. ಅದೇ ಉತ್ತರ ಅಮೆರಿಕದ ವೃತ್ತಿಪರ ಲೀಗಿನಲ್ಲಿದ್ದ, ಸಾಲದಲ್ಲಿ ಮುಳುಗಿದ್ದ ಟೊರಾಂಟೊ ಮೆಟ್ರೋಸ್ ತಂಡ 1975ರಲ್ಲಿ ಟೊರಾಂಟೊ ಕ್ರೊಯೇಷಿಯಾ ಜೊತೆ ಸೇರಿ ಮೆಟ್ರೋಸ್-ಕ್ರೊಯೇಷಿಯಾ ಆಯಿತು. 1976ರ ಆಗಸ್ಟ್‌ನಲ್ಲಿ, ಪೋರ್ಚುಗಲ್‌ನ ಯೂಸೇಬಿಯೊ ಇದ್ದ ಆ ತಂಡ ಸಿಯಾಟಲ್‌ನಲ್ಲಿ ಮಿನ್ನೆಸೋಟ ಕಿಕ್ಸ್ ವಿರುದ್ಧ 3–0 ಗೆದ್ದು ಇಡೀ ಖಂಡದ ಚಾಂಪಿಯನ್ ಆಯಿತು. ಆದರೂ ಲೀಗಿನವರಿಗೆ ಆ ಹೆಸರು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಒಂದು ದೇಶದ ಹೆಸರು ಹೊತ್ತ ತಂಡವನ್ನು ಅಮೆರಿಕದ ದೂರದರ್ಶನದ ಪ್ರೇಕ್ಷಕರಿಗೆ ಮಾರುವುದು ಹೇಗೆಂಬ ಚಿಂತೆ ಅವರದು. 1979ರಲ್ಲಿ ಒಂದು ದೂರದರ್ಶನ ಸಂಸ್ಥೆ ತಂಡವನ್ನು ಕೊಂಡಿತು, ಹೆಸರು ಟೊರಾಂಟೊ ಬ್ಲಿಜರ್ಡ್ ಆಯಿತು. ಹಿಮಬಿರುಗಾಳಿಗೆ ಯಾವ ಜನಾಂಗವೂ ಇಲ್ಲವಲ್ಲ.

ಆಮೇಲಿನ ಎರಡು ದಶಕಗಳನ್ನು ಬೇಗ ದಾಟಬಹುದು. ಹಳೆಯ ಲೀಗು ಸೊರಗುತ್ತ ಹೋಯಿತು, ಅದನ್ನು ಕಟ್ಟಿದ ತಲೆಮಾರಿಗೆ ವಯಸ್ಸಾಯಿತು, ಅವರ ಮಕ್ಕಳು ಐಸ್ ಹಾಕಿ ಆಟ ನೋಡತೊಡಗಿದರು. ಹದ್ದುಗಳೂ ಲೀಗಿನಿಂದ ಬಹುಕಾಲ ಮರೆಯಾದವು. ಆದರೆ 1990ರ ದಶಕದಲ್ಲಿ ಯುಗೊಸ್ಲಾವಿಯಾ ರಕ್ತದಲ್ಲಿ ಒಡೆದಾಗ ಟೊರಾಂಟೊಕ್ಕೆ ನಾಲ್ಕನೆಯ ಅಲೆ ಬಂತು. ಬೊಸ್ನಿಯಾ ಮತ್ತು ಕ್ರೊಯೇಷಿಯಾದಿಂದ ನೆಲೆ ಕಳೆದುಕೊಂಡ ಸರ್ಬಿಯನ್ನರ ಜೊತೆಗೆ ಬೆಲ್‌ಗ್ರೇಡಿನ ಎಂಜಿನಿಯರರೂ ವೈದ್ಯರೂ ಅದರಲ್ಲಿದ್ದರು. ಅದೇ ಹೊತ್ತಿನಲ್ಲಿ ‘ಬೇಲಿ ಓರ್ಲೋವಿ’, ಅಂದರೆ ಬಿಳಿ ಹದ್ದುಗಳು, ಎಂಬ ಹೆಸರನ್ನು ಬಾಲ್ಕನ್ ಯುದ್ಧದ ಒಂದು ಸರ್ಬಿಯನ್ ಅರೆಸೇನಾಪಡೆಯೂ ಹೊತ್ತಿತ್ತು. ಟೊರಾಂಟೊದ ಕ್ಲಬ್ ಆ ಪಡೆಗಿಂತ ಎರಡು ದಶಕ ಹಿರಿಯದು, ಹೆಸರಿನ ಮೂಲವೂ ಬೇರೆ. ಆದರೂ ಹೊರಗಿನವರ ಕಿವಿಗೆ ಆ ಹೆಸರು ಮೊದಲಿನಂತೆ ಕೇಳಿಸುವುದು ಕಷ್ಟವಾಯಿತು ಎಂಬುದನ್ನು ಒಪ್ಪಬೇಕು. 1999ರ ವಸಂತದಲ್ಲಿ ನ್ಯಾಟೊ ಯುಗೊಸ್ಲಾವಿಯಾದ ಮೇಲೆ ಬಾಂಬ್ ಹಾಕಿದಾಗ ಕೆನಡಾದ ಸಿಎಫ್-18 ವಿಮಾನಗಳೂ ಅದರಲ್ಲಿದ್ದವು. ತಾನು ತೆರಿಗೆ ಕಟ್ಟುವ ದೇಶದ ವಿಮಾನ ತನ್ನ ತಾಯಿಯ ಊರಿನ ಮೇಲೆ ಹಾರುವುದನ್ನು ದೂರದರ್ಶನದಲ್ಲಿ ನೋಡಿದ ಜನ, ಕೆಲ ವರ್ಷಗಳ ನಂತರ ತಮ್ಮದೊಂದು ತಂಡ ಬೇಕೆಂದು ಹೊರಟರೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಕ್ಲಬ್ 2006ರಲ್ಲಿ, ಹಳೆಯ ನ್ಯಾಷನಲ್ ಸಾಕರ್ ಲೀಗಿನ ಮುಂದುವರಿಕೆಯಾದ ಕೆನಡಿಯನ್ ಸಾಕರ್ ಲೀಗಿಗೆ ಮರಳಿತು. ಅದೇ ವರ್ಷ ಮಾಂಟೆನೆಗ್ರೊ ಬೇರೆಯಾಗಿ ಸರ್ಬಿಯಾ ತನ್ನದೇ ಹೆಸರಿನ ಸ್ವತಂತ್ರ ದೇಶವಾಗಿತ್ತು. ಟಿಟೊ ತೆಗೆದ ಹದ್ದು ಅಧಿಕೃತ ಲಾಂಛನಕ್ಕೂ ವಾಪಸಾಗಿತ್ತು. 1968ರಲ್ಲಿ ಪ್ರತಿಭಟನೆಯಾಗಿದ್ದ ಚಿಹ್ನೆ ಈಗ ಪಾಸ್‌ಪೋರ್ಟಿನ ಹೊದಿಕೆಯ ಮೇಲಿನ ಸಾಮಾನ್ಯ ಮುದ್ರೆ. ಮರಳಿದ ತಂಡ ಮೊದಲ ನಾಲ್ಕೂ ವರ್ಷ ಫೈನಲ್ ತಲುಪಿತು: 2006ರಲ್ಲಿ ಇಟಾಲಿಯಾ ಶೂಟರ್ಸ್‌ಗೆ ಸೋತಿತು, 2007ರಲ್ಲಿ ಹಳೆಯ ಎದುರಾಳಿ ಟೊರಾಂಟೊ ಕ್ರೊಯೇಷಿಯಾಕ್ಕೆ ಸೋತಿತು, 2008ರಲ್ಲಿ ಮಾಂಟ್ರಿಯಲ್ ಇಂಪ್ಯಾಕ್ಟ್‌ನ ಮೀಸಲು ತಂಡವಾದ ಟ್ರ್ವಾ-ರಿವಿಯೇರ್ ಅತ್ತಾಕ್ ವಿರುದ್ಧ ಪೆನಾಲ್ಟಿಗಳಲ್ಲಿ ಗೆದ್ದಿತು, 2009ರಲ್ಲಿ ಅದೇ ತಂಡಕ್ಕೆ ಸೋತಿತು. 2016ರಲ್ಲಿ ಮತ್ತೊಮ್ಮೆ ಪ್ರಶಸ್ತಿ ಬಂತು. ಆ ಹೊತ್ತಿಗೆ ಲೀಗಿನ ಪ್ರಶಸ್ತಿಗೆ ಅಧಿಕೃತ ಬೆಲೆ ಇರಲಿಲ್ಲ.

ಏಕೆಂದು ಹೇಳಲು ಜರ್ಮನಿಗೆ ಹೋಗಬೇಕು. ಬೋಹುಮ್ ನಗರದ ನ್ಯಾಯಾಲಯದಲ್ಲಿ ನಡೆದ ಮ್ಯಾಚ್ ಫಿಕ್ಸಿಂಗ್ ವಿಚಾರಣೆಯಲ್ಲಿ, ಯೂರೋಪಿನ ಪಂದ್ಯಗಳ ನಡುವೆ ಕೆನಡಾದ ಒಂದು ಪಂದ್ಯವೂ ಹೊರಬಂತು: 2009ರ ಸೆಪ್ಟೆಂಬರಿನಲ್ಲಿ ಟೊರಾಂಟೊ ಕ್ರೊಯೇಷಿಯಾ ಮತ್ತು ಟ್ರ್ವಾ-ರಿವಿಯೇರ್ ನಡುವೆ ನಡೆದದ್ದು. ಸೋಲಲೆಂದು ಆಟಗಾರರಿಗೆ ಕೊಟ್ಟ ಲಂಚ 15,000 ಯೂರೊ. ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ 2012ರಲ್ಲಿ ಇದನ್ನು ವರದಿ ಮಾಡಿತು. ಕೆಲವು ನೂರು ಜನ ನೋಡುವ ಪಂದ್ಯವನ್ನು ಯಾರು, ಏಕೆ ಕೊಳ್ಳುತ್ತಾರೆ ಎಂದು ಕೇಳಬಹುದು. ಉತ್ತರ ಅದರ ಚಿಕ್ಕತನದಲ್ಲೇ ಇದೆ. ಏಷ್ಯಾದ ಬೆಟ್ಟಿಂಗ್ ಮಾರುಕಟ್ಟೆಗೆ ಪಂದ್ಯ ಎಲ್ಲಿ ನಡೆಯಿತು ಎಂಬುದು ಮುಖ್ಯವಲ್ಲ, ಅಂಕಿ ಬಂದರೆ ಸಾಕು. ಸಂಬಳ ಕಡಿಮೆ ಇರುವ ಆಟಗಾರನನ್ನು ಕೊಳ್ಳುವುದು ಅಗ್ಗ. ಕ್ಯಾಮೆರಾ ಇಲ್ಲದ ಮೈದಾನದಲ್ಲಿ ರಕ್ಷಕನೊಬ್ಬ ಅರ್ಧ ಹೆಜ್ಜೆ ತಡವಾಗಿ ತಿರುಗಿದ್ದನ್ನು ಯಾರೂ ಮತ್ತೆ ಹಾಕಿ ನೋಡುವುದಿಲ್ಲ. ಅರೆ-ವೃತ್ತಿಪರ ಆಟದ ಆರ್ಥಿಕ ರಚನೆಯೇ ಅದನ್ನು ಸುಲಭದ ತುತ್ತಾಗಿಸುತ್ತದೆ, ಆಡುವವರ ಜನಾಂಗ ಯಾವುದೇ ಇರಲಿ.

ದೇಶದ ಫುಟ್‌ಬಾಲ್ ಆಡಳಿತ ಸಂಸ್ಥೆಯಾದ ಕೆನಡಿಯನ್ ಸಾಕರ್ ಅಸೋಸಿಯೇಷನ್ 2013ರಲ್ಲಿ ಇಡೀ ಲೀಗಿನಿಂದ ಮಾನ್ಯತೆ ಹಿಂತೆಗೆಯುವ ನಿರ್ಧಾರ ಮಾಡಿತು. ಫಿಕ್ಸಿಂಗ್ ಹಗರಣ ಅದರ ಹಿನ್ನೆಲೆಯಲ್ಲಿತ್ತಾದರೂ ಅದೊಂದೇ ಕಾರಣವೆಂದು ನಾನು ಒಪ್ಪುವುದಿಲ್ಲ. ಅದಕ್ಕೂ ಒಂದು ವರ್ಷ ಮೊದಲೇ, 2012ರಲ್ಲಿ, ಸಂಸ್ಥೆ ಮಾಡಿಸಿದ್ದ ಈಸ್ಟನ್ ವರದಿ ಪ್ರಾಂತವಾರು ಅರೆ-ವೃತ್ತಿಪರ ಲೀಗುಗಳ ಹೊಸ ರಚನೆಯನ್ನು ಶಿಫಾರಸು ಮಾಡಿತ್ತು. 2014ರಲ್ಲಿ ಲೀಗ್1 ಒಂಟಾರಿಯೊ ಶುರುವಾದದ್ದು ಆ ದಾರಿಯಲ್ಲೇ. ಹೊಸ ಮನೆಯ ನಕ್ಷೆ ಸಿದ್ಧವಾಗಿದ್ದಾಗ ಹಳೆಯ ಮನೆಯನ್ನು ರಿಪೇರಿ ಮಾಡುವ ಆಸಕ್ತಿ ಯಾರಿಗೂ ಉಳಿದಿರಲಿಲ್ಲ. ಮಾನ್ಯತೆ ಇಲ್ಲದ ಲೀಗು ಎಂದರೆ ಫಿಫಾದ ಸರಪಳಿಯ ಹೊರಗಿನ ಲೀಗು: ಅದರ ಚಾಂಪಿಯನ್‌ಗೆ ದೇಶದ ಕಪ್ ಸ್ಪರ್ಧೆಯಾದ ಕೆನಡಿಯನ್ ಚಾಂಪಿಯನ್‌ಶಿಪ್‌ಗೆ ಬಾಗಿಲಿಲ್ಲ, ಅಧಿಕೃತ ತೀರ್ಪುಗಾರರ ಪಟ್ಟಿ ಅದರದ್ದಲ್ಲ, ಅಲ್ಲಿ ಮಿಂಚಿದ ಹುಡುಗನ ಆಟ ಯಾವ ಅಧಿಕೃತ ದಾಖಲೆಗೂ ಸೇರುವುದಿಲ್ಲ. ಇತ್ತ 2018ರಿಂದ ಲೀಗ್1 ಒಂಟಾರಿಯೊದ ಚಾಂಪಿಯನ್ ಆ ಕಪ್‌ನಲ್ಲಿ ಆಡುವ ಹಕ್ಕು ಪಡೆದಿದೆ. 2024ರಿಂದ ಆ ಲೀಗಿನೊಳಗೆ ಬಡ್ತಿ-ಹಿಂಬಡ್ತಿಯೂ ಬಂದಿದೆ.

ಈಗ ಹೆಸರಿನ ಪ್ರಶ್ನೆಗೆ ಬರಬಹುದು. ಲೀಗ್1 ಒಂಟಾರಿಯೊದ ಪ್ರಬಲ ತಂಡಗಳಲ್ಲಿ ಒಂದರ ಹೆಸರು ವಾನ್ ಅಜ್ಜುರಿ. ಅಜ್ಜುರಿ ಎಂದರೆ ಇಟಲಿ ರಾಷ್ಟ್ರೀಯ ತಂಡದ ನೀಲಿ. ಆ ತಂಡ 2019ರ ಕೆನಡಿಯನ್ ಚಾಂಪಿಯನ್‌ಶಿಪ್‌ನಲ್ಲೂ ಆಡಿತು. ಆಸ್ಟ್ರೇಲಿಯಾದಲ್ಲಿ ಮಾತ್ರ ಹೆಸರೇ ನೇರವಾಗಿ ಕಟಕಟೆಗೆ ಬಂತು: ಅಲ್ಲಿನ ಫುಟ್‌ಬಾಲ್ ಸಂಸ್ಥೆ 2014ರಲ್ಲಿ ಜಾರಿಗೆ ತಂದ ಕ್ಲಬ್ ಗುರುತಿನ ನೀತಿ, ಜನಾಂಗೀಯ ಅಥವಾ ರಾಷ್ಟ್ರೀಯ ಅರ್ಥವುಳ್ಳ ಹೊಸ ಹೆಸರು ಮತ್ತು ಲಾಂಛನಗಳನ್ನು ನಿಷೇಧಿಸಿತು, ಕ್ರೊಯೇಷಿಯಾ ಹೆಸರಿನ ಪರ್ತ್‌ನ ಕ್ಲಬ್ಬೊಂದು ಮಾನವ ಹಕ್ಕು ಆಯೋಗದ ಮೊರೆಹೋದ ಬಳಿಕ 2019ರಲ್ಲಿ ಆ ನೀತಿಯನ್ನು ಕೈಬಿಡಲಾಯಿತು. ಸಿಡ್ನಿಯ ಸರ್ಬಿಯನ್ ಕ್ಲಬ್ ಬಾನಿರಿಗ್ ವೈಟ್ ಈಗಲ್ಸ್ ಅಭಿಮಾನಿಗಳಿಗೂ ಕ್ರೊಯೇಷಿಯನ್ ಮೂಲದ ಸಿಡ್ನಿ ಯುನೈಟೆಡ್ ಅಭಿಮಾನಿಗಳಿಗೂ 2005ರ ಮಾರ್ಚ್‌ನಲ್ಲಿ ನಡೆದ ಹೊಡೆದಾಟದ ನೆನಪು ಅಂಥ ನೀತಿಯನ್ನು ಬಯಸಿದವರ ಕೈಯಲ್ಲಿದ್ದ ದೊಡ್ಡ ಅಸ್ತ್ರ. ಆ ಭಯವನ್ನು ಸುಳ್ಳೆನ್ನಲಾಗದು. ಆದರೆ ಕೆನಡಾದಲ್ಲಿ ಅಂಥ ನಿಷೇಧವಿಲ್ಲದೆಯೇ ಬಿಳಿ ಹದ್ದುಗಳು ಅಂಚಿಗೆ ಸರಿದವು ಎಂಬುದನ್ನು ಗಮನಿಸಿದರೆ, ಹೊರಗಿಡುವ ಕೆಲಸವನ್ನು ಹೆಸರಿಗಿಂತ ಚೆನ್ನಾಗಿ ಮಾಡುವ ಇನ್ನೊಂದು ಉಪಕರಣ ಕಾಣಿಸುತ್ತದೆ. ಅದರ ಹೆಸರು ಪರವಾನಗಿ.

ಹೊಸ ರಚನೆಯಲ್ಲಿ ಜಾಗ ಬೇಕಾದರೆ ಕ್ಲಬ್ಬೊಂದಕ್ಕೆ ಅರ್ಹ ತರಬೇತುದಾರರು, ಮಕ್ಕಳಿಂದ ಮೇಲಿನವರೆಗಿನ ಯುವ ತಂಡಗಳು, ಕಚೇರಿ, ಲೆಕ್ಕಪತ್ರ ಇವೆಲ್ಲ ಬೇಕು. ಇವು ತಪ್ಪು ನಿಯಮಗಳೆಂದು ಹೇಳುವುದು ಕಷ್ಟ. ಆದರೆ ಅವನ್ನು ಸುಲಭವಾಗಿ ಪೂರೈಸುವುದು ಸಾವಿರಾರು ಮಕ್ಕಳ ಪೋಷಕರಿಂದ ಶುಲ್ಕ ಪಡೆಯುವ ಉಪನಗರಗಳ ಅಕಾಡೆಮಿಗಳೇ ಹೊರತು, ವಯಸ್ಕರ ಒಂದು ತಂಡವನ್ನು ದೇಣಿಗೆಯಿಂದ ನಡೆಸುವ ಸಮುದಾಯವಲ್ಲ. ಅಕಾಡೆಮಿಗೆ ಗಿರಾಕಿಗಳಿದ್ದಾರೆ, ಹದ್ದುಗಳಿಗೆ ಬೆಂಬಲಿಗರಿದ್ದಾರೆ. ವಿಚಿತ್ರವೆಂದರೆ ಪರವಾನಗಿಯ ಅರ್ಜಿಯಲ್ಲಿ ಮೊದಲನೆಯವರಿಗೆ ಅಂಕವಿದೆ. ಮತ್ತೊಂದು ಬದಿಯಿಂದ ನೋಡಿದರೆ ಕ್ಲಬ್ಬಿನ ಪಾಲೂ ಇದರಲ್ಲಿದೆ. ಮಾನ್ಯತೆ ಹೋದ ಲೀಗಿನಲ್ಲೇ ಉಳಿಯುವುದು ಅದರ ಆಯ್ಕೆ, ಮತ್ತು ಊರಿನಿಂದ ಬೇಸಿಗೆಗೆ ಆಟಗಾರರನ್ನು ಕರೆಸಿಕೊಳ್ಳುವ ಹಳೆಯ ಅಭ್ಯಾಸ ಸ್ಥಳೀಯ ಹುಡುಗರನ್ನು ಬೆಳೆಸುವ ದಾರಿಗಿಂತ ಯಾವಾಗಲೂ ಸುಲಭ. ಕೆನಡಾದಲ್ಲಿ ಸರ್ಬಿಯನ್ ಮೂಲದವರು ಸುಮಾರು 1 ಲಕ್ಷ. ಅವರ ಮೂರನೆಯ ತಲೆಮಾರಿಗೆ ಹದ್ದಿನ ಎದೆಯ ಮೇಲಿನ ನಾಲ್ಕು ಅಕ್ಷರಗಳನ್ನು ಓದಲೂ ಬಾರದಿರಬಹುದು.

ಎಟೋಬಿಕೋದ ಸೆಂಟೆನಿಯಲ್ ಪಾರ್ಕ್ ಕ್ರೀಡಾಂಗಣ 1975ರಲ್ಲಿ ಕಟ್ಟಿದ್ದು. ಮರುವರ್ಷ ಅಂಗವಿಕಲರ ಒಲಿಂಪಿಕ್ಸ್‌ನ ಸ್ಪರ್ಧೆಗಳು ಆ ಪಾರ್ಕಿನಲ್ಲಿ ನಡೆದಿದ್ದವು. ಆಟದ ಹುಲ್ಲಿಗೂ ಪ್ರೇಕ್ಷಕರಿಗೂ ನಡುವೆ ಅಥ್ಲೆಟಿಕ್ಸ್ ಓಟದ ಪಥವಿದೆ, ಹಾಗಾಗಿ ಆಟ ಸ್ವಲ್ಪ ದೂರದಿಂದಲೇ ಕಾಣುತ್ತದೆ. ಪಿಯರ್ಸನ್ ವಿಮಾನ ನಿಲ್ದಾಣ ಕೂಗಳತೆಯಲ್ಲಿದೆ. ಇಳಿಯುವ ವಿಮಾನಗಳ ಸದ್ದಿಗೆ ತರಬೇತುದಾರನ ಕೂಗು ಅಡಗಿಹೋಗುತ್ತದೆ. ವಿಶ್ವಕಪ್ ನೋಡಲು ಬಂದವರು ಇಳಿದದ್ದೂ ಅದೇ ನಿಲ್ದಾಣದಲ್ಲಿ. ಅಲ್ಲಿಂದ ಅವರು ಪೂರ್ವಕ್ಕೆ, ಸರೋವರದ ದಡದ ಕ್ರೀಡಾಂಗಣದ ಕಡೆಗೆ ಹೊರಟರು.